ಧೂಳಿನ ಬ್ಯಾಟ್ರಿ ಬಂತೇನವ್ವಾ?

ಸಂಡೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಅಲ್ಲಿ ಬಿಳಿ ಬಟ್ಟೆ ಒಣಹಾಕುವುದೇ ಒಂದು ಜೂಜು. ಬೆಳಿಗ್ಗೆ ತಂತಿಗೆ ಹಾಕಿದ ಚಿಕ್ಕಪ್ಪನ ಪಂಚೆ ಸಂಜೆಗೆ ಕಾವಿ ಆಗಿರುತ್ತಿತ್ತು. ಚಿಕ್ಕಮ್ಮ ಗಣಿಯವರಿಗೆ, ಲಾರಿಯವರಿಗೆ, ಗಾಳಿಗೆ, ಕೊನೆಗೆ ಸುಮ್ಮನೆ ಕೂತಿದ್ದ ಚಿಕ್ಕಪ್ಪನಿಗೂ ಸೇರಿಸಿ ಬೈಯುತ್ತಿದ್ದರು. ಆ ಕೆಂಪು ಧೂಳು ಹೆಮಟೈಟ್. ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ, ಐರನ್ ಆಕ್ಸೈಡ್. ಗೇಟಿಗೆ ಹಿಡಿಯುವ ತುಕ್ಕು ಕೂಡ ಹೆಚ್ಚುಕಡಿಮೆ ಇದೇ, ಅದರಲ್ಲಿ ಸ್ವಲ್ಪ ನೀರು ಸೇರಿಕೊಂಡಿರುತ್ತದೆ ಅಷ್ಟೆ.

ಎಂಎಸ್ಸಿಯಲ್ಲಿ ನನ್ನ ಪ್ರಾಜೆಕ್ಟ್ ಇದರ ಮೇಲೆಯೇ ಇತ್ತು. ನ್ಯಾನೊ ಐರನ್ ಆಕ್ಸೈಡ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ, ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜ್ ಮಾಡುವಾಗ ಲಿಥಿಯಂ ಬಂದು ಸೇರುವ ಆನೋಡ್‌ಗೆ. ರಜೆಗೆ ಸಂಡೂರಿಗೆ ಹೋದಾಗ ಬಾಯಿ ಸುಮ್ಮನಿರಲಿಲ್ಲ. ಚಿಕ್ಕಮ್ಮಾ, ನೀವು ಬೈಯುವ ಈ ಧೂಳಿನಿಂದ ಬ್ಯಾಟರಿ ಮಾಡಬಹುದು, ಈಗಿರುವುದಕ್ಕಿಂತ ಮೂರು ಪಟ್ಟು ಜಾಸ್ತಿ ಹಿಡಿಯುತ್ತದೆ ಅಂದುಬಿಟ್ಟೆ. ಅವತ್ತಿನಿಂದ ಪ್ರತಿ ಯುಗಾದಿಗೆ ಫೋನಿನಲ್ಲಿ ಒಂದೇ ಪ್ರಶ್ನೆ. "ಬಂತೇನವ್ವಾ ನಿನ್ನ ಧೂಳಿನ ಬ್ಯಾಟ್ರಿ?"

ಬಂದಿಲ್ಲ. ಯಾಕೆ ಬಂದಿಲ್ಲ ಅಂತ ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ.

ಮೊದಲು ಆ ಮೂರು ಪಟ್ಟು ಎಲ್ಲಿಂದ ಬಂತು ಅಂತ ನೋಡೋಣ. ಲೆಕ್ಕ ಕಷ್ಟದ್ದೇನಲ್ಲ. ಮೋಲ್ ಅಂದರೆ ರಸಾಯನಶಾಸ್ತ್ರದವರು ಕಣಗಳನ್ನು ಎಣಿಸುವ ಒಂದು ದೊಡ್ಡ ಕಟ್ಟು. ಒಂದು ಮೋಲ್ ಎಲೆಕ್ಟ್ರಾನ್ ಅಂದರೆ 26,801 ಎಂಎಎಚ್. ಫೋನಿನ ಡಬ್ಬದ ಮೇಲೆ 5,000 ಅಂತ ಬರೆದಿರುತ್ತಾರಲ್ಲ, ಅದೇ ಎಂಎಎಚ್. ಈಗಿನ ಬ್ಯಾಟರಿಗಳಲ್ಲಿ ಆನೋಡ್ ಅಂದರೆ ಬಹುಪಾಲು ಗ್ರಾಫೈಟ್. ಅಲ್ಲಿ ಒಂದು ಲಿಥಿಯಂ ಕೂರಬೇಕಾದರೆ ಆರು ಕಾರ್ಬನ್ ಬೇಕು. ಆರು ಕಾರ್ಬನ್‌ಗಳ ತೂಕ ಮೋಲ್ ಲೆಕ್ಕದಲ್ಲಿ 72 ಗ್ರಾಂ. 26,801ನ್ನು 72ರಿಂದ ಭಾಗಿಸಿದರೆ 372. ಗ್ರಾಂಗೆ 372 ಎಂಎಎಚ್, ಅದರ ಮೇಲೆ ಕೇಳಿದರೆ ಗ್ರಾಫೈಟ್ ಕೊಡುವುದಿಲ್ಲ. ಐರನ್ ಆಕ್ಸೈಡ್ ತೂಕ 159.7, ಆದರೆ ಅದು ಆರು ಲಿಥಿಯಂ ಹಿಡಿಯುತ್ತದೆ. ಆರು ಸಲ 26,801 ಮಾಡಿ 159.7ರಿಂದ ಭಾಗಿಸಿ. 1,007. ಈ ಸಂಖ್ಯೆಯನ್ನು ನಾನು ಹಾಸ್ಟೆಲ್ ಗೋಡೆ ಮೇಲೆ ಬರೆದು ಅಂಟಿಸಿಕೊಂಡಿದ್ದೆ.

ಆರು ಲಿಥಿಯಂ ಹಿಡಿಯುವ ರೀತಿಯೇ ಬೇರೆ. ಗ್ರಾಫೈಟ್‌ನಲ್ಲಿ ಲಿಥಿಯಂ ಪದರಗಳ ನಡುವೆ ನುಸುಳಿ ಕೂರುತ್ತದೆ, ಬಾಡಿಗೆಗೆ ಬಂದವರ ಹಾಗೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ, ಕರೆದಾಗ ಎದ್ದು ಹೋಗುತ್ತದೆ. ಐರನ್ ಆಕ್ಸೈಡ್‌ನಲ್ಲಿ ಬಂದವನು ಮನೆಯನ್ನೇ ಕೆಡವುತ್ತಾನೆ. ಆಮ್ಲಜನಕವನ್ನು ಕಿತ್ತುಕೊಂಡು ಲಿಥಿಯಂ ಆಕ್ಸೈಡ್ ಆಗುತ್ತದೆ, ಕಬ್ಬಿಣ ಬರೀ ಕಬ್ಬಿಣವಾಗಿ ಉಳಿಯುತ್ತದೆ. ಲಿಥಿಯಂ ವಾಪಸ್ ಹೋಗುವಾಗ ಆ ಮನೆಯನ್ನು ಮತ್ತೆ ಕಟ್ಟಬೇಕು. ದಿನಕ್ಕೊಂದು ಸಲ ಕೆಡವು, ದಿನಕ್ಕೊಂದು ಸಲ ಕಟ್ಟು.

ಇದು ಆಗುವ ಹೋಗುವ ಮಾತಲ್ಲ ಅಂತಲೇ ತುಂಬಾ ಜನ ಅಂದುಕೊಂಡಿದ್ದರು. ಲಿಥಿಯಂ ಆಕ್ಸೈಡ್ ಒಮ್ಮೆ ಆಯಿತು ಅಂದರೆ ಅದನ್ನು ಬಿಡಿಸುವುದು ಕಷ್ಟ. 2000ನೇ ಇಸವಿಯಲ್ಲಿ ಫ್ರಾನ್ಸಿನ ಅಮಿಯೆನ್ಸ್ ಊರಿನ ತರಾಸ್ಕಾನ್ ಅವರ ಗುಂಪು ನೇಚರ್ ಪತ್ರಿಕೆಯಲ್ಲಿ ಒಂದು ಪೇಪರ್ ಹಾಕಿತು. ಕೋಬಾಲ್ಟ್, ನಿಕಲ್, ತಾಮ್ರ, ಕಬ್ಬಿಣದ ಆಕ್ಸೈಡ್‌ಗಳ ನ್ಯಾನೊ ಪುಡಿ ಗ್ರಾಂಗೆ 700 ಎಂಎಎಚ್ ಕೊಡುತ್ತದೆ, 100 ಸೈಕಲ್, ಅಂದರೆ 100 ಸಲ ತುಂಬಿಸಿ ಖಾಲಿ ಮಾಡಿದರೂ ಇಳಿಯುವುದಿಲ್ಲ ಅಂತ. ಒಳಗೆ ಆಗುತ್ತಿದ್ದದ್ದು ಇಷ್ಟು: ಮನೆ ಕೆಡವಿದಾಗ ಉಳಿಯುವ ಲೋಹದ ಕಣಗಳು ಕೆಲವೇ ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಗಾತ್ರ, ಲಿಥಿಯಂ ಆಕ್ಸೈಡ್‌ನ ಎಲ್ಲಾ ಮೂಲೆಗೂ ಅಂಟಿಕೊಂಡಿರುತ್ತವೆ. ಇಟ್ಟಿಗೆ, ಗಾರೆ ಎಲ್ಲಾ ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಮತ್ತೆ ಕಟ್ಟುವುದು ಸುಲಭ ಅಲ್ವಾ, ಹಾಗೆ. ಆಮೇಲೆ ಶುರುವಾಯಿತು ನೋಡಿ ಜಾತ್ರೆ. ನ್ಯಾನೊ ಕಡ್ಡಿ, ನ್ಯಾನೊ ಕೊಳವೆ, ನ್ಯಾನೊ ಹೂವು, ಒಳಗೆ ಟೊಳ್ಳಾದ ಗೋಲಿ. 2006ರಲ್ಲಿ ಎಂಐಟಿಯ ಆಂಜೆಲಾ ಬೆಲ್ಚರ್ ಗುಂಪು ಒಂದು ವೈರಸ್ಸನ್ನೇ ಅಚ್ಚಾಗಿ ಇಟ್ಟುಕೊಂಡು ಕೋಬಾಲ್ಟ್ ಆಕ್ಸೈಡ್ ತಂತಿ ಮಾಡಿ ಬ್ಯಾಟರಿಯಲ್ಲಿ ಹಾಕಿ ತೋರಿಸಿತು.

ನಮ್ಮ ಲ್ಯಾಬಿನಲ್ಲಿ ವೈರಸ್ಸೂ ಇಲ್ಲ, ದುಡ್ಡೂ ಇಲ್ಲ. ಇದ್ದದ್ದು ಒಂದು ಮಫಲ್ ಫರ್ನೇಸ್, ಅಂದರೆ ಕರೆಂಟಿನ ಕುಲುಮೆ. ಆದರೆ ಅದೇ ಸಾಕು. ಯಾಕೆಂದರೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್ಸಿಯಲ್ಲಿ, 1988ರಲ್ಲಿ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲ್ ಅವರು ಒಂದು ದಾರಿ ತೋರಿಸಿಕೊಟ್ಟಿದ್ದರು. ಲೋಹದ ನೈಟ್ರೇಟ್ ತಗೊಳ್ಳಿ, ಯೂರಿಯಾ ತಗೊಳ್ಳಿ, ನೀರಿನಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಫರ್ನೇಸಿನೊಳಗೆ ಇಡಿ. ಐದೇ ನಿಮಿಷ. ಅವರು ಮೊದಲು ಮಾಡಿದ್ದು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಯೂರಿಯಾ ಇಲ್ಲಿ ಸೌದೆ, ನೈಟ್ರೇಟ್ ಗಾಳಿ. ಎಷ್ಟಕ್ಕೆ ಎಷ್ಟು ಹಾಕಬೇಕು ಅನ್ನುವ ಲೆಕ್ಕ ರಾಕೆಟ್ ಇಂಧನದವರಿಂದ ತಂದದ್ದು. ಗಾಳಿಗೆ ಮೈನಸ್ ಅಂಕ, ಸೌದೆಗೆ ಪ್ಲಸ್ ಅಂಕ, ಎರಡೂ ಸೇರಿ ಸೊನ್ನೆ ಆಗಬೇಕು. ಅಲ್ಯುಮಿನಿಯಂ ನೈಟ್ರೇಟ್ ಮೈನಸ್ 15, ಯೂರಿಯಾ ಪ್ಲಸ್ 6. ಹಾಗಾಗಿ ಒಂದಕ್ಕೆ ಎರಡೂವರೆ ಯೂರಿಯಾ. ಇಷ್ಟು ಸಲೀಸಾದ ಕಾರಣಕ್ಕೇ ಕರ್ನಾಟಕದ ಕಾಲೇಜು ಲ್ಯಾಬುಗಳಲ್ಲಿ ಈ ವಿಧಾನ ಮನೆಮಾತು. ಈಗ ಬೇವಿನ ಸೊಪ್ಪಿನ ರಸದಲ್ಲಿ ಮಾಡಿದೆವು, ಕಬ್ಬಿನ ಹಾಲಿನಲ್ಲಿ ಮಾಡಿದೆವು ಅಂತ ಪೇಪರ್ ಬರುತ್ತವಲ್ಲ, ಎಷ್ಟೋ ಸಲ ಹೊಸದಾಗಿರುವುದು ಸೌದೆ ಮಾತ್ರ.

ನಾನು ಯೂರಿಯಾ ಬದಲು ಗ್ಲೈಸಿನ್ ಹಾಕುತ್ತಿದ್ದೆ. ಫೆರಿಕ್ ನೈಟ್ರೇಟ್ ತೆಳು ನೇರಳೆ ಹರಳು, ಕರಗಿಸಿದರೆ ಬೆಲ್ಲದ ನೀರಿನ ಬಣ್ಣ. ಫರ್ನೇಸಿನಲ್ಲಿ ಇಟ್ಟ ಕೂಡಲೇ ಏನೂ ಆಗುವುದಿಲ್ಲ. ಕುದಿಯುತ್ತದೆ, ಗಟ್ಟಿಯಾಗುತ್ತದೆ, ಪಾಕ ಏರಿದ ಹಾಗೆ ನೊರೆ ಬರುತ್ತದೆ. ಇನ್ನು ಇವತ್ತು ಆಗಲ್ಲ ಅಂತ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಒಂದು ಮೂಲೆಯಲ್ಲಿ ಕಿಡಿ ಹತ್ತುತ್ತದೆ. ಆ ಕಿಡಿ ಬಟ್ಟಲಿನ ಆ ಕಡೆಯಿಂದ ಈ ಕಡೆಗೆ ಕೆಂಪು ಗೆರೆಯಾಗಿ ಓಡುತ್ತದೆ, ಕಂದು ಹೊಗೆ ಎದ್ದು ಚಿಮಣಿಗೆ ಹೋಗುತ್ತದೆ, ಮತ್ತೆ ನೋಡಿದರೆ ಬಟ್ಟಲಿನ ತುಂಬಾ ಹಗುರವಾದ ನೊರೆಯಂಥ ಪುಡಿ. ನಾಲ್ಕು ಚಮಚ ದ್ರಾವಣ ಇಟ್ಟಿದ್ದು ಬಟ್ಟಲು ಉಕ್ಕಿ ಹೊರಗೆ ಬಿದ್ದಿರುತ್ತಿತ್ತು. ನನ್ನ ಜೊತೆಗಿದ್ದವಳು ದಾವಣಗೆರೆಯವಳು. ಮೊದಲ ಸಲ ನೋಡಿ "ಮಂಡಕ್ಕಿ ಆಯ್ತಲ್ಲೇ" ಅಂದಳು. ಆ ಮಾತು ಮುಂದೆ ನನಗೆ ತುಂಬಾ ನೆನಪಾಗುವುದಿತ್ತು.

ಇದನ್ನು ಮತ್ತೊಮ್ಮೆ ಕಾಯಿಸಿ, ಅರೆದು, ನೋಡಿದರೆ ಕಣಗಳು ಸುಮಾರು 20 ನ್ಯಾನೊಮೀಟರ್. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ನನಗೆ ಈಗಲೂ ಖುಷಿ ಕೊಡುವ ಲೆಕ್ಕ. 20 ನ್ಯಾನೊಮೀಟರ್ ಗೋಲಿಗಳಾದರೆ ಒಂದು ಗ್ರಾಂ ಐರನ್ ಆಕ್ಸೈಡ್‌ನ ಮೇಲ್ಮೈ ಸುಮಾರು 57 ಚದರ ಮೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳಬೇಕಂದರೆ ಒಂದು ಟ್ವೆಂಟಿ ಥರ್ಟಿ ಸೈಟ್. ಒಂದು ಚಿಟಿಕೆ ಪುಡಿಯಲ್ಲಿ 600 ಚದರ ಅಡಿಗಿಂತ ತುಸು ಜಾಸ್ತಿಯೇ! ಲಿಥಿಯಂ ಒಳಗೆ ಹೋಗಲು ಅಷ್ಟು ಬಾಗಿಲು. ಇನ್ನೊಂದು ಲಾಭವೂ ಇದೆ. ಕಣದೊಳಗೆ ಲಿಥಿಯಂ ನಡೆಯಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 10 ಮೈಕ್ರಾನ್, ಅಂದರೆ 10,000 ನ್ಯಾನೊಮೀಟರ್ ಕಣವನ್ನು 100 ನ್ಯಾನೊಮೀಟರ್ ಮಾಡಿದರೆ ದೂರ ನೂರು ಪಾಲು ಕಡಿಮೆ, ಸಮಯ ಹತ್ತು ಸಾವಿರ ಪಾಲು ಕಡಿಮೆ. ನ್ಯಾನೊ ಅಂತ ಎಲ್ಲರೂ ಮುಗಿಬಿದ್ದದ್ದು ಸುಮ್ನೆ ಅಲ್ಲ.

ಪುಡಿಯಿಂದ ಬ್ಯಾಟರಿ ಮಾಡುವುದು ಒಂಥರಾ ದೋಸೆ ಹುಯ್ಯುವ ಕೆಲಸ. 70 ಪಾಲು ಪುಡಿ, 20 ಪಾಲು ಕಾರ್ಬನ್ ಕಪ್ಪು, 10 ಪಾಲು ಪಿವಿಡಿಎಫ್ ಅನ್ನುವ ಅಂಟು, ಎನ್‌ಎಂಪಿ ಅನ್ನುವ ದ್ರಾವಕದಲ್ಲಿ ಕಲಸಿ ಹಿಟ್ಟು ಮಾಡಿ ತಾಮ್ರದ ಹಾಳೆ ಮೇಲೆ ತೆಳುವಾಗಿ ಎಳೆಯಬೇಕು. ಹಿಟ್ಟು ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ಗೆರೆ ಬೀಳುತ್ತದೆ. ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ 12 ಮಿಲಿಮೀಟರ್ ಬಿಲ್ಲೆ ಕತ್ತರಿಸಿ, ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್‌ನಲ್ಲಿ ಕೈ ತೂರಿಸಿ, ಬಿಲ್ಲೆ, ಎರಡೂ ಕಡೆ ತಾಗದಂತೆ ನಡುವೆ ಸೆಪರೇಟರ್, ಲಿಥಿಯಂ ಓಡಾಡುವ ದ್ರವವಾದ ಎಲೆಕ್ಟ್ರೊಲೈಟ್ ಎರಡು ಹನಿ, ಎದುರಿಗೆ ಲಿಥಿಯಂ ಲೋಹದ ತುಂಡು, ಮುಚ್ಚಳ, ಒತ್ತು. ಸಿಆರ್2032, ರಿಮೋಟಿನಲ್ಲಿ ಹಾಕುವ ಗುಂಡಿ ಸೆಲ್ಲಿನ ಅದೇ ಗಾತ್ರ. ಒಳಗಿರುವ ನನ್ನ ಪುಡಿ ಎಷ್ಟು ಅಂದರೆ ಸುಮಾರು ಒಂದು ಮಿಲಿಗ್ರಾಂ. ಒಂದು ಸಾಸಿವೆ ಕಾಳು ಅದಕ್ಕಿಂತ ಭಾರ. ಗ್ರಾಂಗೆ 1,007 ಅಂತ ಊರೆಲ್ಲಾ ಹೇಳಿಕೊಂಡು ಬಂದ ನನ್ನ ಸೆಲ್ಲಿನಲ್ಲಿ ಇದ್ದದ್ದು ಪೂರ್ತಿ ಒಂದು ಎಂಎಎಚ್.

ಮೊದಲ ಸಲ ಗ್ರಾಂ ಲೆಕ್ಕದಲ್ಲಿ 1,310 ತಗೊಂಡಿತು. ಲೆಕ್ಕಕ್ಕಿಂತ ಜಾಸ್ತಿ! ವಾಪಸ್ ಕೊಟ್ಟದ್ದು 930. ಎರಡನೇ ಸಲದಿಂದ 900ರ ಆಸುಪಾಸಿನಲ್ಲಿ ನಿಂತಿತು. ಒಂದು ಸೈಕಲ್‌ಗೆ ಹದಿನೆಂಟು ಗಂಟೆ. 37ನೇ ಸೈಕಲ್‌ನಲ್ಲಿ ಕರೆಂಟ್ ಹೋಗಿ, ಟೆಸ್ಟರ್‌ಗೆ ಕೊಟ್ಟಿದ್ದ ಯುಪಿಎಸ್ಸೂ ಕೈಕೊಟ್ಟು, ಎಲ್ಲಾ ನಿಂತುಹೋಯಿತು. ಬ್ಯಾಟರಿಯಲ್ಲಿ ನೀರು ಬತ್ತಿತ್ತು, ಯಾರೂ ನೋಡಿರಲಿಲ್ಲ. ಬ್ಯಾಟರಿ ಲ್ಯಾಬಿನ ಬ್ಯಾಟರಿ! ಮತ್ತೆ ಹೊಸ ಸೆಲ್, ಮತ್ತೆ ಒಂದೂವರೆ ತಿಂಗಳು. ಆ ಸಲ 40 ದಾಟಿದ ಮೇಲೆ ಗ್ರಾಫ್ ಇಳಿಯುವ ಬದಲು ಮೇಲೆ ಹತ್ತತೊಡಗಿತು. ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಆಮೇಲೆ ಗೊತ್ತಾಯಿತು, ಈ ಜಾತಿಯ ಆಕ್ಸೈಡ್‌ಗಳಲ್ಲಿ ಇದು ಮಾಮೂಲು. ಕಣಗಳ ಸುತ್ತ ಎಲೆಕ್ಟ್ರೊಲೈಟ್ ಕೆಟ್ಟು ಲೋಳೆಯಂಥ ಪದರ ಕಟ್ಟುತ್ತದೆ, ಅದೂ ಒಂದಷ್ಟು ಚಾರ್ಜ್ ಹಿಡಿದು ಬಿಡುತ್ತದೆ. ನನ್ನ ಪುಡಿಯ ಗುಣ ಅಂದುಕೊಂಡದ್ದರಲ್ಲಿ ಒಂದು ಪಾಲು ಆ ಲೋಳೆಯದು.

ವೈವಾ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ವಯಸ್ಸಾದವರು. ಸ್ಲೈಡೆಲ್ಲಾ ಮುಗಿಯುವವರೆಗೆ ಏನೂ ಮಾತಾಡಲಿಲ್ಲ. ಕೊನೆಗೆ ಒಂದೇ ಕೇಳಿದರು. "ಲಿಥಿಯಂ ಎಲ್ಲಿಂದ ಬಂತಮ್ಮಾ?"

ಎದುರಿಗಿದ್ದ ಲಿಥಿಯಂ ತುಂಡಿನಿಂದ ಸರ್, ಅಂದೆ. ಫೋನಿನಲ್ಲಿ ಆ ತುಂಡು ಇರುತ್ತಾ ಅಂತ ಕೇಳಿದರು. ಅಲ್ಲಿಗೆ ನನಗೆ ಅರ್ಥ ಆಯಿತು.

ನನ್ನ ಸೆಲ್ಲಿನ ಲಿಥಿಯಂ ತುಂಡು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಪ್ಪನ ದುಡ್ಡಿನಲ್ಲಿ ಅಂಗಡಿ ಇಟ್ಟ ಹಾಗೆ, ಎಷ್ಟು ಲುಕ್ಸಾನಾದರೂ ಗಲ್ಲಾ ಖಾಲಿಯಾಗುವುದಿಲ್ಲ, ಲುಕ್ಸಾನು ಕಾಣುವುದೂ ಇಲ್ಲ. ನಿಜವಾದ ಬ್ಯಾಟರಿಯಲ್ಲಿ ಇರುವ ಲಿಥಿಯಂ ಎಲ್ಲಾ ಆನೋಡಿನ ಎದುರು ಕೂರುವ ಕ್ಯಾಥೋಡ್‌ನಿಂದ ಬರಬೇಕು, ಅಳೆದು ಹಾಕಿದ್ದು. ಅದೂ ಒಂದು ಆಕ್ಸೈಡೇ. ಲಿಥಿಯಂ ಕೋಬಾಲ್ಟ್ ಆಕ್ಸೈಡ್, 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗುಡ್‌ಇನಫ್ ಅವರ ಗುಂಪು ತೋರಿಸಿದ್ದು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದದ್ದು, 2019ರ ನೊಬೆಲ್‌ಗೆ ಕಾರಣವಾದದ್ದರಲ್ಲಿ ಒಂದು. ಆ ಅಳತೆಯ ಲಿಥಿಯಂನಲ್ಲಿ ಮೊದಲ ಚಾರ್ಜಿಗೇ ನನ್ನ ಪುಡಿ 1,310 ತಗೊಂಡು 930 ವಾಪಸ್ ಕೊಟ್ಟರೆ ನೂರಕ್ಕೆ ಇಪ್ಪತ್ತೊಂಬತ್ತು ಪಾಲು ಅವತ್ತೇ ಸತ್ತಂತೆ.

ಎಲ್ಲಿ ಹೋಯಿತು ಆ ಇಪ್ಪತ್ತೊಂಬತ್ತು? ಬಹುಪಾಲು ಆ ಟ್ವೆಂಟಿ ಥರ್ಟಿ ಸೈಟಿಗೆ. ಒಂದು ವೋಲ್ಟಿಗಿಂತ ಕೆಳಗೆ ಇಳಿದರೆ ಎಲೆಕ್ಟ್ರೊಲೈಟ್ ಕೆಡುತ್ತದೆ, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ ಕಣದ ಮೇಲೆ ಒಂದು ಪದರ ಕೂರುತ್ತದೆ. ಎಸ್‌ಇಐ ಅನ್ನುತ್ತಾರೆ. ಆ ಕೆನೆ ಲಿಥಿಯಂ ತಿನ್ನುತ್ತದೆ. ಗ್ರಾಫೈಟ್‌ಗೂ ಕೆನೆ ಕಟ್ಟುತ್ತದೆ, ಆದರೆ ಅದರ ಮೇಲ್ಮೈ ಗ್ರಾಂಗೆ ಕೆಲವೇ ಚದರ ಮೀಟರ್, ಒಮ್ಮೆ ಕಟ್ಟಿದರೆ ಕದಲುವುದಿಲ್ಲ. ನನ್ನದು 57. ಸೈಟ್ ದೊಡ್ಡದಾದಷ್ಟು ಕಾಂಪೌಂಡ್ ಖರ್ಚು ಜಾಸ್ತಿ ಅಲ್ವಾ. ಅದರ ಮೇಲೆ ಐರನ್ ಆಕ್ಸೈಡ್ ಲಿಥಿಯಂ ಕುಡಿದಾಗ ಹತ್ತಿರಹತ್ತಿರ ಎರಡರಷ್ಟು ಉಬ್ಬುತ್ತದೆ. ಉಬ್ಬಿದಾಗ ಕೆನೆ ಒಡೆಯುತ್ತದೆ, ಒಡೆದ ಕಡೆ ಹೊಸ ಕೆನೆ, ಮತ್ತೆ ಲಿಥಿಯಂ ಖರ್ಚು. ಯಾವ ಮೇಲ್ಮೈಯನ್ನು ನಾನು ಗೆಳತಿಯರಿಗೆಲ್ಲಾ ತೋರಿಸಿ ಮೆರೆದಿದ್ದೆನೋ ಅದೇ ತಿಂದುಹಾಕುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಏನಾದರೂ ಮಾಡಬಹುದಿತ್ತು. ಮೊದಲೇ ಸ್ವಲ್ಪ ಲಿಥಿಯಂ ತುಂಬಿಸಿಕೊಡಬಹುದು, ಕಾರ್ಬನ್ ಅಂಗಿ ತೊಡಿಸಬಹುದು, ಜನ ಮಾಡುತ್ತಲೂ ಇದ್ದಾರೆ. ನನ್ನ ಪ್ರಕಾರ ಐರನ್ ಆಕ್ಸೈಡನ್ನು ಮುಳುಗಿಸಿದ್ದು ವೋಲ್ಟೇಜು. ಮನೆ ಕೆಡವುವುದು ನಡೆಯುವುದು ಸುಮಾರು 0.8 ವೋಲ್ಟಿನಲ್ಲಿ. ಮತ್ತೆ ಕಟ್ಟಲು 1.7ರ ತನಕ ಹೋಗಬೇಕು. ಎದುರಿಗೆ 3.8 ವೋಲ್ಟಿನ ಕ್ಯಾಥೋಡ್ ಇಟ್ಟುಕೊಳ್ಳಿ. ಚಾರ್ಜ್ ಮಾಡುವಾಗ 3.0 ವೋಲ್ಟ್ ಕೊಡಬೇಕು, ಬಳಸುವಾಗ ಸಿಗುವುದು 2.1. ಅಂದರೆ ಹತ್ತು ಯೂನಿಟ್ ಹಾಕಿದರೆ ಏಳು ವಾಪಸ್. ಉಳಿದ ಮೂರು ಯೂನಿಟ್ಟಿನ ಬಿಲ್ ಕಟ್ಟಿ ಬ್ಯಾಟರಿಯನ್ನು ಬಿಸಿ ಮಾಡಿಕೊಂಡ ಹಾಗೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಸೀಟಿನ ಕೆಳಗೆ ಅಂಥದ್ದನ್ನು ಯಾರು ಇಡುತ್ತಾರೆ? ಗ್ರಾಫೈಟ್‌ನಲ್ಲಿ ಬರುವಾಗ ಹೋಗುವಾಗ ಇರುವ ವ್ಯತ್ಯಾಸ ತೀರಾ ಸಣ್ಣದು. ಬಾಡಿಗೆದಾರ ಬಾಗಿಲು ತೆಗೆದುಕೊಂಡು ಹೋಗುವುದಕ್ಕೂ ಮನೆ ಮತ್ತೆ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಅದು. ಕಣವನ್ನು ಎಷ್ಟೇ ಸಣ್ಣ ಮಾಡಿದರೂ ಈ ಅಂತರ ಪೂರ್ತಿ ಮುಚ್ಚಲಿಲ್ಲ. ಪೇಪರುಗಳಲ್ಲಿ 1,007 ದಪ್ಪಕ್ಷರದಲ್ಲಿ ಇರುತ್ತದೆ, ಈ 0.8 ಮತ್ತು 1.7ನ್ನು ನಾವೇ ಗ್ರಾಫಿನಲ್ಲಿ ಸ್ಕೇಲ್ ಇಟ್ಟು ಹುಡುಕಿಕೊಳ್ಳಬೇಕು. ನನ್ನ ಥೀಸಿಸ್ಸಿನಲ್ಲೂ ಹಾಗೇ ಇದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಮಂಡಕ್ಕಿ. ಗ್ರಾಂ ಲೆಕ್ಕದಲ್ಲಿ ಎಷ್ಟೇ ಹಿಡಿದರೂ ಫೋನಿನೊಳಗೆ ಇರುವುದು ಜಾಗದ ಬರ. ಒಂದು ಚೀಲ ಅಕ್ಕಿ, ಒಂದು ಚೀಲ ಮಂಡಕ್ಕಿ ಎತ್ತಿ ನೋಡಿ. ಕಾರ್ಖಾನೆಯ ಎಲೆಕ್ಟ್ರೋಡ್‌ನಲ್ಲಿ ಒಂದು ಚದರ ಸೆಂಟಿಮೀಟರಿಗೆ ನನ್ನದರ ಹತ್ತರಷ್ಟು ಪುಡಿ ಒತ್ತಿ ಕೂರಿಸಿರುತ್ತಾರೆ. ನನ್ನ ನೊರೆ ಪುಡಿಯನ್ನು ಅಷ್ಟು ದಪ್ಪ ಎಳೆದರೆ ಒಣಗಿ ಬಿರುಕು ಬಿಟ್ಟು ಕೆರೆಯ ತಳದ ಹಾಗೆ ಕಾಣುತ್ತಿತ್ತು. ಮಾಡಿ ನೋಡಿದ್ದೇನೆ.

ಹಾಗಾದರೆ ನ್ಯಾನೊ ಆಕ್ಸೈಡ್ ಯಾವುದೂ ಅಂಗಡಿಗೆ ಬರಲೇ ಇಲ್ಲವಾ? ಬಂದಿದೆ. ಪೇಪರ್ ಓದುವಾಗ ನಾವು ಯಾರೂ ತಿರುಗಿ ನೋಡದ ಒಂದು ಪುಡಿ ಬಂದಿದೆ. ಲಿಥಿಯಂ ಟೈಟನೇಟ್, ಎಲ್‌ಟಿಒ. ಗ್ರಾಂಗೆ 175. ಗ್ರಾಫೈಟ್‌ನ ಅರ್ಧವೂ ಇಲ್ಲ. ಸೆಮಿನಾರಿನಲ್ಲಿ ಯಾರಾದರೂ ಅದರ ಹೆಸರೆತ್ತಿದರೆ ನಾವು ನಗುತ್ತಿದ್ದೆವು. ಅದು ಕೆಲಸ ಮಾಡುವುದು 1.55 ವೋಲ್ಟಿನಲ್ಲಿ. ಅಂದರೆ ಎಲೆಕ್ಟ್ರೊಲೈಟ್ ಕೆಡುವ ಮಟ್ಟಕ್ಕೆ ಇಳಿಯುವುದೇ ಇಲ್ಲ, ಕೆನೆಯ ಕಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲಿಥಿಯಂ ಬಂದರೂ ಹೋದರೂ ಅದರ ಗಾತ್ರ ಬದಲಾಗುವುದೇ ಇಲ್ಲ ಅನ್ನಬಹುದು. ಹಾಗಾಗಿ ಕಣವನ್ನು ಎಷ್ಟು ಬೇಕೋ ಅಷ್ಟು ನ್ಯಾನೊ ಮಾಡಿ, ಸೈಟ್ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿ, ಕಾಂಪೌಂಡ್ ಖರ್ಚೇ ಇಲ್ಲ. ಲಾಭ ಮಾತ್ರ ಉಳಿಯುತ್ತದೆ, ಅಂದರೆ ವೇಗ. ತೋಶಿಬಾ ಇದನ್ನು 2008ರಿಂದ ಎಸ್‌ಸಿಐಬಿ ಅನ್ನುವ ಹೆಸರಿನಲ್ಲಿ ಮಾರುತ್ತಿದೆ. ಜಪಾನಿನ ಎನ್700ಎಸ್ ಬುಲೆಟ್ ಟ್ರೇನಿನಲ್ಲಿ, ಮೇಲಿನ ತಂತಿಯಲ್ಲಿ ಕರೆಂಟ್ ಹೋದರೆ ಸುರಕ್ಷಿತ ಜಾಗದವರೆಗೆ ಎಳೆದುಕೊಂಡು ಹೋಗಲು ಇದೇ ಬ್ಯಾಟರಿ. ಜಿನೀವಾದ 23ನೇ ನಂಬರ್ ಬಸ್ಸು ಸ್ಟಾಪಿನಲ್ಲಿ ಜನ ಹತ್ತಿ ಇಳಿಯುವ 20 ಸೆಕೆಂಡಿನಲ್ಲಿ 600 ಕಿಲೋವ್ಯಾಟ್ ಎಳೆದುಕೊಂಡು ಮುಂದಕ್ಕೆ ಹೋಗುತ್ತದೆ, ಅದರಲ್ಲೂ ಇದೇ ಜಾತಿ. ಫೋನಿಗೆ ಆಗುವುದಿಲ್ಲ, ಭಾರ ಮತ್ತು ದುಬಾರಿ. ಆದರೆ ಬಸ್ಸಿಗೆ ಬೇಕಾದದ್ದೇ ಬೇರೆ.

ಟೈಟಾನಿಯಂ ಜೊತೆ ನಯೋಬಿಯಂ ಸೇರಿಸಿದ ಆಕ್ಸೈಡ್ ಈಗಿನ ಸುದ್ದಿ. ಲೆಕ್ಕದಲ್ಲಿ ಗ್ರಾಂಗೆ 387, ಗ್ರಾಫೈಟ್‌ಗೆ ಸರಿಸಮ. 2024ರ ಜೂನ್‌ನಲ್ಲಿ ಬ್ರೆಜಿಲ್‌ನ ಅರಶಾ ಊರಿನಲ್ಲಿ, ನಯೋಬಿಯಂ ಗಣಿ ಇರುವ ಜಾಗದಲ್ಲೇ, ಹತ್ತು ನಿಮಿಷದಲ್ಲಿ ಚಾರ್ಜ್ ಆಗುವ ಬಸ್ಸಿನ ಮಾದರಿ ತೋರಿಸಿದರು. ಅದರಲ್ಲೂ ತೋಶಿಬಾ ಇದೆ. ಗಣಿ ಇರುವ ಊರಿಗೇ ಬ್ಯಾಟರಿ ಬಸ್ಸು ಬಂತು ಅಂತ ಓದಿದಾಗ ನನಗೆ ನೆನಪಾದದ್ದು ಯಾರ ಮುಖ ಅಂತ ಬೇರೆ ಹೇಳಬೇಕಾಗಿಲ್ಲ.

ಪ್ರಾಜೆಕ್ಟಿನ ಉಳಿದ ಪುಡಿ ಒಂದು ಪ್ಲಾಸ್ಟಿಕ್ ಸೀಸೆಯಲ್ಲಿ ಈಗಲೂ ಮನೆಯಲ್ಲಿದೆ. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಮುಟ್ಟಿದವರ ಕೈಯೆಲ್ಲಾ ಕಾವಿ. ಅಮ್ಮ ಅದನ್ನು ರಂಗೋಲಿ ಕೆಮ್ಮಣ್ಣು ಅಂದುಕೊಂಡು ಒಂದು ಸಲ ಹೊಸ್ತಿಲಿಗೆ ಬಳಿದಿದ್ದಾರೆ. ಚೆನ್ನಾಗಿ ಹಿಡಿಯಿತು.

ಈ ಯುಗಾದಿಗೆ ಚಿಕ್ಕಮ್ಮನ ಫೋನ್ ಬಂದಾಗ ಬೇರೆ ಒಂದು ಮಾತು ಹೇಳಬೇಕು ಅಂತ ಇದ್ದೇನೆ. ಅವರ ಮನೆಯಲ್ಲಿ ಇನ್ವರ್ಟರ್ ಇದೆ. ಅದರ ಬ್ಯಾಟರಿಯ ಪಾಸಿಟಿವ್ ಪ್ಲೇಟಿನ ಮೇಲಿರುವುದು ಸೀಸದ ಆಕ್ಸೈಡ್. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮಾಡಿದ್ದು, ನ್ಯಾನೊ ಅಂತ ಹೆಸರು ಹುಟ್ಟುವ ಎಷ್ಟೋ ಮೊದಲು. ಆಕ್ಸೈಡ್ ಬ್ಯಾಟರಿ ನಿಮ್ಮ ಮೆಟ್ಟಿಲ ಕೆಳಗೇ ಕೂತಿದೆ ಚಿಕ್ಕಮ್ಮಾ, ಅಂತ ಹೇಳಬೇಕು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ತಿಂಗಳಾಯಿತು ಅಂತಲೂ ಕೇಳಬೇಕು.